ತಾಮ್ರದ ಮೇಲೊಂದು ಮಹಾಪ್ರಾಣ

ಎಂಟು ವರ್ಷಗಳ ಹಿಂದೆ ಊರಿನ ಮನೆಗೆ ಬೀಗ ಹಾಕಿ ಆಯಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಬಂದ ಮಾರನೆಯ ಬೆಳಿಗ್ಗೆ ಅಡುಗೆಕಟ್ಟೆಯ ಮುಂದೆ ನಿಂತು ಅವಲಕ್ಕಿಯ ಡಬ್ಬಿಯನ್ನು ಕೈಗೆತ್ತಿಕೊಂಡವಳು, ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದು ಯಾರ ಮನೆಯ ಪಾತ್ರೆ?” ಎಂದು ಕೇಳಿದಳು.

(ನಮ್ಮ ಶಿರಸಿ, ಸಿದ್ದಾಪುರದ ಕಡೆಯ ಹವ್ಯಕರ ಮನೆಗಳಲ್ಲಿ ಅಮ್ಮನಿಗೆ ಆಯಿ ಎನ್ನುತ್ತೇವೆ. ಅದನ್ನು ನಾನು ಮುಂಬಯಿಗೆ ಬಂದು ಮರಾಠಿಯಿಂದ ಕಲಿತದ್ದೆಂದುಕೊಳ್ಳುವವರಿಗೆ ತಿದ್ದಿ ಹೇಳುವ ಉತ್ಸಾಹ ಮೂವತ್ತು ವರ್ಷಗಳಲ್ಲಿ ಪೂರ್ತಿ ಇಳಿದುಹೋಗಿದೆ.)

ಡಬ್ಬಿ ನಮ್ಮದೇ. ಮದುವೆಯಾದ ವರ್ಷ ಸ್ಟೇಷನ್ನಿನ ಹತ್ತಿರದ ಪಾತ್ರೆ ಅಂಗಡಿಯಲ್ಲಿ ಕೊಂಡದ್ದು. ಪಾತ್ರೆ ಕೊಂಡವರಿಗೆ ಹೆಸರು ಹಾಕಿಕೊಡುವುದು ಆಗ ಅಂಗಡಿಯವರ ರೂಢಿ. ಮೂಲೆಯ ಸ್ಟೂಲಿನ ಮೇಲೆ ಕುಳಿತ ಹುಡುಗನೊಬ್ಬ ದಪ್ಪ ಪೆನ್ನಿನಂತಹ ಕರೆಂಟಿನ ಯಂತ್ರವನ್ನು ಗುಂಯ್‌ಗುಡಿಸುತ್ತ ಡಬ್ಬಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆಯುತ್ತಿದ್ದ. ನಾನು ಕನ್ನಡದಲ್ಲಿ ಬರೆದ ಚೀಟಿ ಕೊಟ್ಟೆ. ಪಾಪ, ಪ್ರಯತ್ನಪಟ್ಟ. ಮೊದಲ ಡಬ್ಬಿಯಲ್ಲೇ ಒತ್ತಕ್ಷರವನ್ನು ಕೆಳಗಿನಿಂದ ಎತ್ತಿ ಪಕ್ಕಕ್ಕೆ ಕೂರಿಸಿದ. ಅಕ್ಷರದ ಕೊಂಬು ಮುಂದಿನ ಅಕ್ಷರಕ್ಕೆ ಹೋಯಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಉಳಿದ ಹದಿನೇಳು ಪಾತ್ರೆಗಳಿಗೆ ನಾಗರಿಯಲ್ಲೇ ಹಾಕು ಎಂದೆ.

ಆಯಿ ತಂದ ಪಾತ್ರೆಗಳಲ್ಲಿ ಮಾತ್ರ ಅವಳ ಹೆಸರು ಕನ್ನಡದಲ್ಲಿತ್ತು. ಶಿರಸಿ ಪೇಟೆಯಲ್ಲಿ ಯಾರೋ ಉಳಿಯಿಂದ ಒಂದೊಂದೇ ಚುಕ್ಕಿ ಹೊಡೆದದ್ದು. ಊರಿನಲ್ಲಿ ಮದುವೆ, ಮುಂಜಿ ಎಂದರೆ ನಾಲ್ಕೂ ಮನೆಗಳ ಪಾತ್ರೆಗಳು ಒಂದೇ ಚಪ್ಪರಕ್ಕೆ ಬರುತ್ತಿದ್ದವು. ಊಟ ಮುಗಿದು ತೊಳೆದು ಕವುಚಿದ ಮೇಲೆ ಹೆಸರು ನೋಡಿ ನೋಡಿ ಬೇರೆ ಮಾಡುವುದು ಮಕ್ಕಳ ಕೆಲಸ. ನನಗೆ ಅಕ್ಷರ ಗಟ್ಟಿಯಾದದ್ದು ಶಾಲೆಯಲ್ಲೋ ಆ ಚಪ್ಪರದಲ್ಲೋ ಹೇಳುವುದು ಕಷ್ಟ.

ಅವಳ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಮನೆಗೊಂದು ಹೆಸರಿನ ಫಲಕವನ್ನಾದರೂ ಕನ್ನಡದಲ್ಲಿ ಮಾಡಿ ಹಾಕೋಣ, ಅದರಲ್ಲಿ ಆಯಿಯ ಹೆಸರೇ ಇರಲಿ ಎಂದುಕೊಂಡೆ. ಕೆತ್ತುವ ಯಂತ್ರವೊಂದನ್ನು ತರಿಸಿ ಕೈಯಾಡಿಸಿದ್ದೂ ಆಯಿತು. ನೇರ ಗೆರೆಯನ್ನು ಹೇಗೋ ಎಳೆಯಬಹುದು. ಕನ್ನಡದ ದುಂಡನ್ನು ಸುತ್ತುವಾಗ ಮೊನೆ ಜಾರುತ್ತದೆ. ಅಷ್ಟರಲ್ಲಿ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಮಗಳ ಇಂಜಿನಿಯರಿಂಗ್ ದಿನಗಳ ಬಾಟಲಿಯೊಂದು ಸಿಕ್ಕಿತು. ಒಳಗೆ ಕಷಾಯದಂತಹ ಕಂದು ದ್ರವ, ಹೊರಗೆ ಫೆರಿಕ್ ಕ್ಲೋರೈಡ್ ಎಂಬ ಚೀಟಿ. ಎಲೆಕ್ಟ್ರಾನಿಕ್ಸಿನ ಹುಡುಗರು ಸರ್ಕಿಟ್ ಹಲಗೆ ಮಾಡಲು ಬಳಸುವ ಸರಕು ಅದು. ಹಲಗೆಯ ತುಂಬ ತಾಮ್ರದ ತೆಳು ಪದರ ಇರುತ್ತದೆ. ತಂತಿಯ ದಾರಿ ಎಲ್ಲಿ ಬೇಕೋ ಅಲ್ಲಿ ಶಾಯಿ ಬಳಿದು ದ್ರವದಲ್ಲಿ ಮುಳುಗಿಸಿದರೆ, ಶಾಯಿಯ ಕೆಳಗಿನದು ಉಳಿಯುತ್ತದೆ, ಮಿಕ್ಕದ್ದು ಕರಗುತ್ತದೆ. ಹಲಗೆಗೆ ಆಗುವುದಾದರೆ ಅಕ್ಷರಕ್ಕೆ ಏಕಾಗಬಾರದು?

ಆಯಿ ಇದಕ್ಕೆ ಇಟ್ಟ ಹೆಸರು ‘ತಿನ್ನಿಸುವುದು’. “ತಮ್ಮ ತಾಮ್ರಕ್ಕೆ ತಿನ್ನಿಸುತ್ತ ಕುಳಿತಿದ್ದಾನೆ” ಎಂದು ಊರಿಗೆ ಫೋನಿನಲ್ಲಿ ವರದಿ ಮಾಡುತ್ತಾಳೆ; ತಮ್ಮ ಎಂದರೆ ಅವಳ ಬಾಯಲ್ಲಿ ನಾನೇ. ಕೆತ್ತುವುದು ಎಂಬುದಕ್ಕಿಂತ ಇದೇ ಸರಿಯಾದ ಮಾತು. ಇಲ್ಲಿ ನನ್ನ ಕೈ ಲೋಹವನ್ನು ಕೆತ್ತುವುದಿಲ್ಲ. ಯಾವುದನ್ನು ತಿನ್ನಬಾರದು ಎಂದು ಮುಚ್ಚಿಟ್ಟು ಕಾಯುವುದಷ್ಟೇ ನನ್ನ ಪಾಲು.

ತಾಮ್ರಕ್ಕಾಗಿ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಗುಲಾಲವಾಡಿಯ ಕೀಕಾ ಸ್ಟ್ರೀಟಿನವರೆಗೆ ನಡೆದೆ. ತಾಮ್ರ, ಹಿತ್ತಾಳೆ, ಸತುವುಗಳ ದೊಡ್ಡ ಪೇಟೆ ಅದು. ಅಲ್ಲಿ ವ್ಯಾಪಾರ ನಡೆಯುವುದು ಕ್ವಿಂಟಲ್‌ಗಳಲ್ಲಿ. 20 ಗೇಜಿನ ತಗಡು, ಹತ್ತು ಸೆಂಟಿಮೀಟರ್ ಅಗಲ, ಹದಿನೈದು ಉದ್ದ, ನಾಲ್ಕು ತುಂಡು ಎಂದೆ. ಒಂದು ತುಂಡು ತೂಗಿದರೆ 120 ಗ್ರಾಂ ಆಸುಪಾಸು. ಅಂಗಡಿಯವರು ಸಗಟು ಮಂಡಿಗೆ ಬಂದು ಒಂದು ಕಟ್ಟು ಕೊತ್ತಂಬರಿ ಕೇಳಿದವನನ್ನು ನೋಡುವಂತೆ ನೋಡಿದರು. ಆದರೂ ಕತ್ತರಿಸಿ, ಅಂಚಿನ ಮುಳ್ಳನ್ನು ಅರದಿಂದ ಉಜ್ಜಿ, ಹಳೆಯ ಗುಜರಾತಿ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಮಗಳ ಬಾಟಲಿ ಮುಗಿದ ಮೇಲೆ ಫೆರಿಕ್ ಕ್ಲೋರೈಡ್ ತರಲು ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ರೇಡಿಯೋ ಬಿಡಿಭಾಗಗಳ ಆ ಸಾಲಿನಲ್ಲಿ ಪುಡಿಯ ಪೊಟ್ಟಣ ಸಿಗುತ್ತದೆ. ಪುಡಿಯನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಪುಡಿಯ ಮೇಲೆ ನೀರು ಸುರಿಯಬಾರದು. ಬೆರೆಯುವಾಗ ಪಾತ್ರೆ ಬಿಸಿಯಾಗುತ್ತದೆ, ಮೂಗಿಗೆ ಅಡರುವ ಘಾಟೂ ಏಳುತ್ತದೆ.

ಅಕ್ಷರವನ್ನು ತಗಡಿಗೆ ದಾಟಿಸುವ ಉಪಾಯ ಸರಳ. ಲೇಸರ್ ಪ್ರಿಂಟರಿನ ಕಪ್ಪು ನಿಜಕ್ಕೂ ಶಾಯಿಯಲ್ಲ, ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿ. ನುಣುಪು ಕಾಗದದ ಮೇಲೆ ಮುದ್ರಿಸಿ, ತಗಡಿನ ಮೇಲೆ ಕವುಚಿ, ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಪುಡಿ ಕರಗಿ ತಾಮ್ರಕ್ಕೆ ಅಂಟುತ್ತದೆ. ಕಾಗದವನ್ನು ನೀರಿನಲ್ಲಿ ನೆನೆಸಿ ಬೆರಳಿನಿಂದ ಉಜ್ಜಿ ತೆಗೆಯಬೇಕು. ಕವುಚುವುದರಿಂದ ಮುದ್ರಣ ಕನ್ನಡಿಯೊಳಗಿನಂತೆ ತಿರುಗುಮುರುಗಾಗಿರಬೇಕು. ಮೊದಲ ಸಲ ನಾನು ಅದನ್ನು ಮರೆತೆ. ಮುದ್ರಿಸಿಕೊಟ್ಟ ಹುಡುಗನಿಗೆ ಕನ್ನಡದ ನೇರವೂ ಒಂದೇ, ಉಲ್ಟಾವೂ ಒಂದೇ. ಬಿಸಿ ತಗಡನ್ನು ಚಿಮಟದಲ್ಲಿ ಹಿಡಿದು ಬಚ್ಚಲಿನ ಕನ್ನಡಿಯ ಮುಂದೆ ನಿಂತಾಗ ಆಯಿಯ ಹೆಸರು ಸ್ಪಷ್ಟವಾಗಿ ಓದಿಸಿಕೊಂಡಿತು.

ಎರಡನೆಯ ಸಲ ಪುಡಿ ಹಿಡಿಯಲೇ ಇಲ್ಲ; ಕಾಗದದ ಜೊತೆಗೆ ಅರ್ಧ ಅಕ್ಷರ ಎದ್ದು ಬಂತು. ಕಣ್ಣಿಗೆ ತಗಡು ಥಳಥಳ ಎನ್ನುತ್ತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೆ. ಆಯಿ ಅದನ್ನು ನಲ್ಲಿಯ ಕೆಳಗೆ ಹಿಡಿದು, “ಜಿಡ್ಡು ಹೋಗಿಲ್ಲ, ನೋಡು” ಎಂದಳು. ನೀರು ಮಣಿ ಮಣಿಯಾಗಿ ಒಡೆದು ನಿಂತಿತ್ತು. ಅವಳು ಸೀಗೆಪುಡಿ ಹಾಕಿ ಉಜ್ಜಿ, ಮತ್ತೆ ನೀರು ಬಿಟ್ಟಳು. ಈಗ ನೀರು ಎಲ್ಲಿಯೂ ಒಡೆಯದೆ ತೆಳು ಹಾಳೆಯಂತೆ ತಗಡಿನ ತುಂಬ ನಿಂತಿತು. ಹುಣಸೆ ಕಿಲುಬನ್ನು ತೆಗೆಯುತ್ತದೆ, ಬೆರಳಿನ ಎಣ್ಣೆಯನ್ನಲ್ಲ. ಲೋಹದ ಕೆಲಸದವರು ಇದೇ ನೀರಿನ ಪರೀಕ್ಷೆಯನ್ನು ಮಾಡುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಎಣ್ಣೆಯ ಬಾಣಲೆಗಳನ್ನು ಐವತ್ತು ವರ್ಷ ತೊಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂರನೆಯದು ಸರಿಯಾಗಿ ಅಂಟಿತು. ತಗಡಿನ ಬೆನ್ನಿಗೆ ಪ್ಯಾಕಿಂಗ್ ಟೇಪ್ ಹಚ್ಚಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಖ ಕೆಳಗೆ ಮಾಡಿ ತೂಗುಹಾಕಿದೆ. ಮೇಲ್ಮುಖವಾಗಿಟ್ಟರೆ ಕರಗಿದ ಗಷ್ಟು ಗೆರೆಗಳಲ್ಲೇ ಕುಳಿತು ಮುಂದಿನ ಕೆಲಸಕ್ಕೆ ಅಡ್ಡ ಬರುತ್ತದೆ. ಕೆಳಮುಖವಾದರೆ ಉದುರಿ ತಳ ಸೇರುತ್ತದೆ. ಇಲ್ಲಿ ಗುಳ್ಳೆ ಇಲ್ಲ, ಸದ್ದಿಲ್ಲ. ಮೊದಲಿನವರು ತಾಮ್ರಕ್ಕೆ ನೈಟ್ರಿಕ್ ಆಮ್ಲ ಬಳಸುತ್ತಿದ್ದರು, ಅದರಿಂದೇಳುವ ಕಿತ್ತಳೆಗೆಂಪು ಹೊಗೆ ಶ್ವಾಸಕೋಶಕ್ಕೆ ವಿಷ. ಫೆರಿಕ್ ಕ್ಲೋರೈಡ್ ಸದ್ದಿಲ್ಲದೆ ಲೆಕ್ಕ ಚುಕ್ತಾ ಮಾಡುತ್ತದೆ: ಕಬ್ಬಿಣದ ಪ್ರತಿ ಕಣವೂ ತಾನು ಹೊತ್ತ ಮೂರು ಕ್ಲೋರಿನ್‌ಗಳಲ್ಲಿ ಒಂದನ್ನು ಬಿಟ್ಟುಕೊಡುತ್ತದೆ, ಹಾಗೆ ಇಬ್ಬರಿಂದ ಬಂದ ಎರಡನ್ನು ಹಿಡಿದುಕೊಂಡು ತಾಮ್ರದ ಒಂದು ಕಣ ನೀರಿಗಿಳಿಯುತ್ತದೆ. ಕಂದು ದ್ರವ ಬರಬರುತ್ತ ಹಸಿರಿಗೆ ತಿರುಗುವುದು ಅದಕ್ಕೇ. ಡಬ್ಬಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟರೆ ಕೆಲಸ ಬೇಗ.

ಹತ್ತು ನಿಮಿಷಕ್ಕೊಮ್ಮೆ ಎತ್ತಿ, ತೊಳೆದು ನೋಡುವುದು. ತಿಂದ ಜಾಗದ ತಾಮ್ರಕ್ಕೆ ತೊಳೆದ ಕೆಂಪಕ್ಕಿಯ ಬಣ್ಣ, ಹೊಳಪಿಲ್ಲದ ಒಣ ಮೈ. ಗುಂಡುಸೂಜಿಯನ್ನು ಅಡ್ಡಲಾಗಿ ಎಳೆದರೆ ಮೊದಮೊದಲು ಏನೂ ತಿಳಿಯುವುದಿಲ್ಲ. ಅರ್ಧ ಗಂಟೆಯ ಹೊತ್ತಿಗೆ ಅಕ್ಷರದ ಅಂಚಿಗೆ ಸೂಜಿ ಸಣ್ಣಗೆ ಟಕ್ ಎಂದು ತಾಗುತ್ತದೆ. ಆ ಟಕ್ ಕೇಳಿದ ಮೇಲೆ ದುರಾಸೆ ಹುಟ್ಟುತ್ತದೆ. ಇನ್ನಷ್ಟು ಆಳ ಬರಲಿ ಎಂದು ನಾನು ಮತ್ತೆ ಮುಳುಗಿಸಿದೆ, ಮತ್ತೂ ಮುಳುಗಿಸಿದೆ. ಒಂದು ಗಂಟೆ ದಾಟಿತು.

ಪುಡಿ ಒರೆಸಿ ಆಯಿಯ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಅಕ್ಷರ ಕೂಡಿಸಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಓದಿದಳು. ಅವಳ ಹೆಸರಿನ ನಡುವೆ ಒಂದು ‘ಧ’ ಇದೆ. ಓದಿದ್ದು ಮಾತ್ರ ‘ದ’.

“ನನ್ನ ಅಜ್ಜಿ ಹೀಗೆಯೇ ಕರೆಯುತ್ತಿದ್ದಳು” ಎಂದಳು. “ಹಲ್ಲಿರಲಿಲ್ಲ ಅವಳಿಗೆ.”

‘ಧ’ದ ಕೆಳಗಿನ ಆ ಪುಟ್ಟ ಗೀಟು ಕಾಣೆಯಾಗಿತ್ತು. ದ್ರವಕ್ಕೆ ಕೆಳಗೆ, ಪಕ್ಕ ಎಂಬ ಭೇದ ಇಲ್ಲ. ಆಳಕ್ಕೆ ಇಳಿಯುತ್ತ ಇಳಿಯುತ್ತ, ಮುಚ್ಚಿದ ಪುಡಿಯ ಅಡಿಗೂ ನುಗ್ಗುತ್ತದೆ. ಆಳದ ಅರ್ಧದಷ್ಟಾದರೂ ಪಕ್ಕಕ್ಕೆ ತಿಂದಿರುತ್ತದೆ. ಉಬ್ಬಿ ನಿಲ್ಲಬೇಕಾದ ಅಕ್ಷರವನ್ನು ಎರಡೂ ಕಡೆಯಿಂದ ಕೊರೆಯುತ್ತದೆ. ಹಾಗಾಗಿ 0.4 ಮಿಲಿಮೀಟರ್ ಆಳ ತಿನ್ನಿಸಿದರೆ, 0.4 ಮಿಲಿಮೀಟರ್ ಅಗಲದ ಗೀಟಿಗೆ ನಿಲ್ಲಲು ನೆಲೆಯೇ ಉಳಿಯುವುದಿಲ್ಲ. ‘ದ’ದ ದಪ್ಪ ಸುರುಳಿ ಸ್ವಲ್ಪ ಸೊರಗಿ ಉಳಿದುಕೊಂಡಿತು, ಮಹಾಪ್ರಾಣ ಹೋಯಿತು. ನಮ್ಮ ಲಿಪಿಯಲ್ಲಿ ಇಂತಹ ನಾಜೂಕು ಜಾಗಗಳು ಎಷ್ಟಿವೆ ಎಂದು ನಾನು ಲೆಕ್ಕ ಹಾಕತೊಡಗಿದ್ದು ಅಂದಿನಿಂದ. ‘ಠ’ದ ಹೊಟ್ಟೆಯೊಳಗಿನ ಚುಕ್ಕಿ ಯಾವ ಆಸರೆಯೂ ಇಲ್ಲದ ದ್ವೀಪ, ಎಲ್ಲಕ್ಕಿಂತ ಮೊದಲು ಮುಳುಗುತ್ತದೆ. ಅಲಂಕಾರದ ಅಕ್ಷರ ವಿನ್ಯಾಸಗಳಲ್ಲಿ ಒತ್ತಕ್ಷರದ ಬಾಲವನ್ನು ಕೂದಲಿನಷ್ಟು ಸಣ್ಣ ಮಾಡುವವರು ಒಮ್ಮೆ ಈ ಡಬ್ಬಿಯ ಮುಂದೆ ಕುಳಿತುಕೊಳ್ಳಬೇಕು.

ಲೋಹಕ್ಕೆ ತಿನ್ನಿಸುವ ವಿದ್ಯೆ ಯುರೋಪಿನಲ್ಲಿ ಬೆಳೆದದ್ದು ಯೋಧರ ಕವಚಗಳ ಮೇಲೆ. ಗಟ್ಟಿ ಉಕ್ಕಿನ ಮೇಲೆ ಉಳಿ ನಡೆಸುವುದಕ್ಕಿಂತ ಮೇಣ ಬಳಿದು, ಗೀಚಿ, ತಿನ್ನಲು ಬಿಡುವುದು ಸಲೀಸು. ಜರ್ಮನಿಯ ಆಗ್ಸ್‌ಬರ್ಗಿನ ಡೇನಿಯಲ್ ಹಾಪ್ಫರ್ ಎಂಬಾತ ಅದೇ ಉಪಾಯವನ್ನು ಕಬ್ಬಿಣದ ಹಲಗೆಗೆ ತಂದು ಕಾಗದದ ಮೇಲೆ ಚಿತ್ರ ಅಚ್ಚು ಹಾಕಿದ. ಅಲ್ಬ್ರೆಕ್ಟ್ ಡ್ಯೂರರ್ ಕೂಡ 1515ರಿಂದ 1518ರೊಳಗೆ ಕಬ್ಬಿಣದ ಮೇಲೆ ಆರು ಚಿತ್ರ ಮಾಡಿ ಕೈಬಿಟ್ಟ. ಆದರೆ ನನಗೆ ಈ ಕೆಲಸದಲ್ಲಿ ಹೆಚ್ಚು ನೆನಪಾಗುವುದು ಬೀದರಿನವರು. ಬಿದ್ರಿಯಲ್ಲಿ ಕೆತ್ತನೆ ಉಳಿಯದ್ದೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಎರಕದ ಮೇಲೆ ಗೆರೆ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಯಲ್ಲಿ ಕೋಟೆಯ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ನೀರಿನಲ್ಲಿ ಕಲಸಿ ಹಚ್ಚಿದಾಗ ಸತುವಿನ ಮೈ ಮಾತ್ರ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ಮಣ್ಣಿಗೇ ಗೊತ್ತು. ನನ್ನ ಡಬ್ಬಿಯೊಳಗಿನ ಕಷಾಯಕ್ಕೆ ಅಷ್ಟು ವಿವೇಕ ಇಲ್ಲ.

ಮಹಾಪ್ರಾಣ ಹೋದ ತಗಡನ್ನು ನಾನು ಎಸೆಯಲು ಹೊರಟಿದ್ದೆ. ಆಯಿ ಅದರ ಖಾಲಿ ಬೆನ್ನನ್ನು ತೋರಿಸಿ, “ಇದರ ಮೇಲೆ ಏನನ್ನಾದರೂ ಬಳಿದರೂ ಉಳಿಯುತ್ತದೆಯೋ?” ಎಂದು ಕೇಳಿದಳು. ನೀರು ಹಿಡಿಯದ ಯಾವುದಾದರೂ ಆದೀತು ಎಂದೆ. ಮಗಳು ಬಿಟ್ಟುಹೋದ ನೇಲ್ ಪಾಲಿಶ್ ಬಾಟಲಿ, ಗಾಢ ಕೆಂಪು, ಕಪಾಟಿನಲ್ಲಿತ್ತು. ಅದರ ಕುಂಚ ದಪ್ಪವೆಂದು ಬದಿಗಿಟ್ಟು, ಪೊರಕೆಯಿಂದ ಒಂದು ಕಡ್ಡಿ ಮುರಿದು, ತುದಿಯನ್ನು ಹಲ್ಲಿನಿಂದ ಸ್ವಲ್ಪ ಜಜ್ಜಿಕೊಂಡಳು.

ದೀಪಾವಳಿಗೆ ಊರಿನ ಮನೆಯ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಶೇಡಿ ಎಂಬ ಬಿಳಿ ಮಣ್ಣಿನಿಂದ ಅವಳು ಬರೆಯುತ್ತಿದ್ದ ಅಂಚು ಅದು. ಮೊದಲು ಎರಡು ಎಳೆ, ನಡುವೆ ಓರೆಗೆರೆಗಳ ಸಾಲು, ಪ್ರತಿ ಸಂದಿಗೂ ಮೂರು ಚುಕ್ಕಿ. ಗೋಡೆಯ ಮೇಲೆ ಮಾರುದ್ದ ಓಡುತ್ತಿದ್ದ ಕೈ ಈಗ ಹದಿನೈದು ಸೆಂಟಿಮೀಟರಿಗೆ ಇಳಿದಿತ್ತು. ಪಾಲಿಶ್ ಬೇಗ ಒಣಗುವುದರಿಂದ ಕಡ್ಡಿಯನ್ನು ಪ್ರತಿ ಎರಡು ಗೆರೆಗೆ ಅದ್ದಬೇಕು. ಅದ್ದಿದ ಕೂಡಲೇ ಎಳೆದ ಗೆರೆ ದಪ್ಪ, ಆಮೇಲಿನದು ಸಣ್ಣ. ಅವಳ ಬಲಗೈ ಈಚೆಗೆ ಸ್ವಲ್ಪ ನಡುಗುತ್ತದೆ. ಒಂದು ಓರೆಗೆರೆ ಅಲೆಯಾಗಿ ಹೋದಾಗ ತಿದ್ದಲು ಅಸಿಟೋನ್ ತಂದೆ, ಬೇಡ ಎಂದಳು. ಮುಂದಿನ ಗೆರೆಯನ್ನೂ ಅದರ ಜೊತೆಗೆ ಹಾಗೆಯೇ ಬಾಗಿಸಿದಳು. ಮುಂದಿನದನ್ನೂ.

ನಲವತ್ತು ನಿಮಿಷಕ್ಕೆ ತೆಗೆದೆ. ಈ ಸಲ ದುರಾಸೆ ಮಾಡಲಿಲ್ಲ. ಪಾಲಿಶ್ ಒರೆಸಿದಾಗ ನಡುಕ ನಡುಕವಾಗಿಯೇ, ಅಲೆ ಅಲೆಯಾಗಿಯೇ ಉಬ್ಬಿ ನಿಂತಿತ್ತು. ನನ್ನ ಮುದ್ರಿತ ಅಕ್ಷರಗಳ ಪಕ್ಕಕ್ಕಿಟ್ಟು ನೋಡಿದೆ. ನನ್ನದು ಸರ್ಕಾರಿ ಕಚೇರಿಯ ಫಲಕ.

ಇಷ್ಟರ ನಡುವೆ ಅಡುಗೆಮನೆಯಿಂದ ನನಗೆ ಗಡೀಪಾರಾಗಿತ್ತು. ತಗಡು ತೊಳೆದ ಸಿಂಕಿನಲ್ಲಿ ನಾಲ್ಕು ಹನಿ ರಾತ್ರಿಯಿಡೀ ನಿಂತಿದ್ದವು. ಬೆಳಿಗ್ಗೆ ಸ್ಟೀಲಿನ ಮೇಲೆ ಸಾಸಿವೆ ಸಿಡಿದಂತೆ ಗುಳಿಗಳು. ಸ್ಟೇನ್‌ಲೆಸ್ ಸ್ಟೀಲು ಗುಳಿ ಬೀಳುವುದನ್ನು ಎಷ್ಟು ತಡೆಯುತ್ತದೆ ಎಂದು ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ ಫೆರಿಕ್ ಕ್ಲೋರೈಡಿನಲ್ಲೇ ಮುಳುಗಿಸುತ್ತಾರಂತೆ. ಇದನ್ನು ಹೆಂಡತಿಗೆ ವಿವರಿಸಿದ್ದು ನನ್ನ ಎರಡನೆಯ ತಪ್ಪು. “ಹಾಗಾದರೆ ನೀವು ಆ ಪ್ರಯೋಗಾಲಯಕ್ಕೇ ಹೋಗಿ” ಎಂದಳು. ಈಗ ನನ್ನ ಕಾರ್ಯಕ್ಷೇತ್ರ ಬಾಲ್ಕನಿ. ಕೈಗವಸು, ಕನ್ನಡಕ, ಹಳೆಯ ಅಂಗಿ, ಪ್ಲಾಸ್ಟಿಕ್ ಡಬ್ಬಿ. ಅಲ್ಯೂಮಿನಿಯಮ್ಮಿನ ಏನೂ ಹತ್ತಿರ ಸುಳಿಯಬಾರದು, ಅದು ಈ ದ್ರವದೊಳಗೆ ಕುದಿದು ಉಕ್ಕುತ್ತದೆ.

ಹಸಿರಾದ ದ್ರವವನ್ನು ಏನು ಮಾಡುವುದು ಎಂಬುದು ಬೇರೆಯೇ ಕಥೆ. ಚರಂಡಿಗೆ ಸುರಿಯುವಂತಿಲ್ಲ, ಕರಗಿದ ತಾಮ್ರ ನೀರಿನ ಜೀವಗಳಿಗೆ ವಿಷ. ನಮ್ಮ ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿ ಸುದ್ದಿಯಾದದ್ದು 2020ರಲ್ಲಿ. ಅದನ್ನು ನೋಡಿದ ಮೇಲೆ ‘ನನ್ನದೊಂದು ಲೀಟರ್ ಏನು ಮಹಾ’ ಎನ್ನಲು ಬಾಯಿ ಬರುವುದಿಲ್ಲ. ದಾರಿ ಹೊಳೆದದ್ದು ಅಪ್ಪಯ್ಯನ ಕತ್ತಿಯಿಂದ. ಮಳೆ ಹಿಡಿಯುವ ಮೊದಲು ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ದಿನ ಅವನು 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕಲಸುತ್ತಿದ್ದ. ಔಷಧಿ ಹೊಡೆಯುವ ಕೊನೆಗೌಡ ಮರ ಹತ್ತುವ ಮುಂಚೆ, ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಒಂದು ನಿಮಿಷ ಹಿಡಿಯುತ್ತಿದ್ದ. ಅಲಗು ಕೆಂಪಾಗಿ ಬಂದರೆ, “ಸುಣ್ಣ ಸಾಲದು” ಎನ್ನುತ್ತಿದ್ದ. ಆ ಕೆಂಪು ತಾಮ್ರ. ಸುಣ್ಣ ಕಟ್ಟಿಹಾಕದೆ ಬಿಟ್ಟ ತಾಮ್ರ ಕಬ್ಬಿಣವನ್ನು ಕಂಡೊಡನೆ ನೀರು ಬಿಟ್ಟು ಅದರ ಮೈಗೆ ಹತ್ತುತ್ತದೆ, ಅಷ್ಟೇ ಕಬ್ಬಿಣ ನೀರಿಗಿಳಿಯುತ್ತದೆ. ನಾನೂ ಹಸಿರು ದ್ರವದಲ್ಲಿ ಪಾತ್ರೆ ತಿಕ್ಕುವ ಉಕ್ಕಿನ ಎಳೆಯ ಉಂಡೆಗಳನ್ನು ಹಾಕಿ ಎರಡು ದಿನ ಬಿಡುತ್ತೇನೆ. ತಳದಲ್ಲಿ ಇಟ್ಟಿಗೆ ಬಣ್ಣದ ಕೆಸರು ಕೂರುತ್ತದೆ. ಆಮೇಲೆ ವಾಷಿಂಗ್ ಸೋಡಾ ಹಾಕಿ ಉಳಿದದ್ದನ್ನೂ ಕೂರಿಸಿ, ಕೆಸರನ್ನು ಒಣಗಿಸಿ, ಮುಚ್ಚಳ ಬಿಗಿದ ಡಬ್ಬಿಯಲ್ಲಿಟ್ಟು ಮೂರು ಭಾಷೆಗಳಲ್ಲಿ ‘ಮುಟ್ಟಬೇಡಿ’ ಎಂದು ಬರೆದಿದ್ದೇನೆ. ಎರಡು ವರ್ಷದಲ್ಲಿ ಮುಕ್ಕಾಲು ಡಬ್ಬಿ ತುಂಬಿದೆ.

ಅವಲಕ್ಕಿ ಡಬ್ಬಿಯ ನಾಗರಿ ಹೆಸರು ಹಾಗೆಯೇ ಇದೆ. ಉಪ್ಪುನೀರಿಗೆ ಬ್ಯಾಟರಿ ಜೋಡಿಸಿ ಸ್ಟೀಲಿಗೂ ತಿನ್ನಿಸಬಹುದು ಎಂದು ಹುರುಪಿನಿಂದ ತೋರಿಸುವವರಿದ್ದಾರೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇದೆ, ಹಾಗೆ ಮಾಡಿದಾಗ ಅದು ಕ್ಯಾನ್ಸರ್ ತರುವ ರೂಪದಲ್ಲಿ ನೀರಿಗಿಳಿಯಬಹುದು. ಉಪ್ಪಿನಿಂದ ಕ್ಲೋರಿನ್ ಅನಿಲವೂ ಏಳುತ್ತದೆ. ಅವಲಕ್ಕಿ ಹಾಕುವ ಡಬ್ಬಿಗೆ ಅಷ್ಟೆಲ್ಲ ಅಭಿಮಾನ ಬೇಡ.

ಬಾಗಿಲಿನ ಮೇಲೆ ಈಗಿರುವುದು ಐದನೆಯ ತಗಡು. ‘ಧ’ದ ಗೀಟನ್ನು ಕಂಪ್ಯೂಟರಿನಲ್ಲಿ ಎರಡರಷ್ಟು ದಪ್ಪ ಮಾಡಿ, ಇಸ್ತ್ರಿ ಆದ ಮೇಲೆ ಮಾರ್ಕರ್ ಪೆನ್ನಿನಿಂದ ಮತ್ತೊಮ್ಮೆ ತಿದ್ದಿದ್ದೆ. ಸುತ್ತ ಆಯಿಯ ಅಂಚು. ಅದನ್ನು ನೋಡಿದ ಮೇಲಿನ ಮಹಡಿಯ ಕಾಕೂ ತಮಗೂ ಒಂದು ಬೇಕು ಎಂದರು, ಮರಾಠಿಯಲ್ಲಿ. ನಾಗರಿಯನ್ನು ತಿನ್ನಿಸುವುದು ಸುಲಭವೆಂದುಕೊಂಡಿದ್ದೆ; ತಲೆಗೆರೆಯೊಂದು ಎಲ್ಲ ಅಕ್ಷರಗಳನ್ನೂ ಕೈಹಿಡಿದು ನಿಲ್ಲಿಸುತ್ತದಲ್ಲ. ಆದರೆ ನಾಗರಿಯ ‘ಧ’ ಮತ್ತು ‘ಘ’ ಒಡಹುಟ್ಟಿದವರಂತೆ; ‘ಧ’ದ ನೆತ್ತಿಯ ಮೇಲೆ ತಲೆಗೆರೆ ಚೂರು ಕಡಿದಿರುತ್ತದೆ. ಪುಡಿ ಕರಗಿ ಆ ಕಿಂಡಿ ಮುಚ್ಚಿಕೊಂಡರೆ ಕಾಕೂ ಅವರ ಹೆಸರಿನ ಅರ್ಥವೇ ಹೋಯಿತು. ಇಸ್ತ್ರಿ ಆದ ಮೇಲೆ ಸೂಜಿಯಿಂದ ಕಿಂಡಿಯನ್ನು ಬಿಡಿಸುತ್ತ ಕುಳಿತೆ.

ಭಾನುವಾರ ಮಧ್ಯಾಹ್ನ ಆಯಿ ಅಂಚು ಬರೆದು ಮುಗಿಸಿ, ತಗಡನ್ನು ನನ್ನ ಕಡೆಗೆ ತಳ್ಳಿ, ಮಲಗಲು ಹೋದಳು. ಡಬ್ಬಿಗೆ ಇಳಿಸುವ ಮುನ್ನ ಬೆಳಕಿಗೆ ಹಿಡಿದು ನೋಡಿದೆ. ಬಲ ಮೂಲೆಯ ಕೆಳಗೆ, ಚುಕ್ಕಿಗಳ ಸಾಲಿನಲ್ಲಿ ಒಂದು ಚುಕ್ಕಿ ಚುಕ್ಕಿಯಾಗಿರಲಿಲ್ಲ. ಕಡ್ಡಿಯ ತುದಿಯಿಂದ ಬರೆದ ಕನ್ನಡದ ಪುಟ್ಟ ‘ಧ’. ಕೆಳಗಿನ ಗೀಟಿಗೆ ಮಾತ್ರ ಪಾಲಿಶನ್ನು ಎರಡು ಸಲ ಬಳಿದಿದ್ದಳು.